ಟವೆಲ್ಲಿನ ಕೆಳಗೆ ಕೊಂಡ ಪವರ್ ಬಾಕ್ಸ್

ಫೆಬ್ರವರಿ ಎಂಟು. ಬೆಳಗ್ಗೆ ಸ್ವಲ್ಪ ಚಳಿ, ಹತ್ತು ಗಂಟೆಗೆಲ್ಲ ಚುರುಕು ಬಿಸಿಲು. ಆ ದಿನ ನಾನೊಂದು ಪವರ್ ಬಾಕ್ಸ್ ಕೊಂಡೆ. ಜನರೇಟರಿನ ಕರೆಂಟನ್ನು ಮೈಕಿಗೆ, ಫ್ಯಾನಿಗೆ, ದೀಪಕ್ಕೆ ಹಂಚುವ ಡಬ್ಬಿ ಅದು. ವಿಜಯಪುರದಲ್ಲಿ ನನ್ನದು ಮೈಕ್ ಮತ್ತು ಲೈಟಿನ ಧಂದೆ. ಬೆಳಕು ಹಂಚುವವನ ಹತ್ತಿರ ಕತ್ತಲೆಯ ಕಥೆಗಳೇ ಹೆಚ್ಚು. ವರ್ಷಕ್ಕೆ ನಾಲ್ಕಾದರೂ ಹೊಸವು ಹುಟ್ಟುತ್ತವೆ.

೧. ಅರ್ಧ ಹೆಸರು

ಎಲ್ಲ ಶುರುವಾದದ್ದು ಬಬಲೇಶ್ವರದ ಮದುವೆಯಲ್ಲಿ. ನನ್ನ ಹಳೆಯ ಕಟ್ಟಿಗೆ ಬೋರ್ಡಿನಲ್ಲಿ ಎಲ್ಲದಕ್ಕೂ ಒಂದೇ ಮೇನ್ ಸ್ವಿಚ್. ಮೈಕಿನಲ್ಲಿ ಆಯೇರಿ ಓದುತ್ತಿದ್ದರು, ಯಾರು ಏನು ಉಡುಗೊರೆ ಕೊಟ್ಟರು ಎಂದು. ಮದುಮಗಳ ಸೋದರಮಾವನ ಸರದಿ ಬಂತು. ಅದೇ ಗಳಿಗೆಗೆ ಅಡುಗೆಯವನು ಚಟ್ನಿ ರುಬ್ಬುವ ಯಂತ್ರದ ವೈರು ಎಳೆದು ತಂದು ನನ್ನ ಬೋರ್ಡಿಗೆ ಚುಚ್ಚಿದ. ಮೇನಿನ ಫ್ಯೂಸ್ ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು.

ನಾನು ಬೆವರು ಒರೆಸಿಕೊಳ್ಳುತ್ತ ಫ್ಯೂಸ್ ಹಾಕುತ್ತಿದ್ದೆ. ಅತ್ತ ಎಲ್ಲರೂ ಊಟಕ್ಕೆದ್ದರು, ಸೋದರಮಾವ ಏಳಲಿಲ್ಲ.

"ನನ್ನ ಅರ್ಧಾ ಹೆಸರಷ್ಟ ಮಂದಿಗಿ ಕೇಳೈತಿ. ಉಳಿದರ್ಧಾ ಬಂದ ಮ್ಯಾಲ ಉಣ್ತೀನಿ."

ಮದುಮಗಳ ಅಪ್ಪ ದ್ರಾಕ್ಷಿ ಬೆಳೆಗಾರರು, ಸಮಾಧಾನದ ಮನುಷ್ಯ. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಸಣ್ಣಾಕಿ ಮದುವಿ ತಿಕೋಟಾದಾಗ ಐತಿ. ಡಬ್ಬಿ ಬದಲಿ ಮಾಡಿದ್ರ ಸಾಮಾನು ತಗೊಂಡು ಬಾ. ಇಲ್ಲಂದ್ರ ಊಟಕ್ಕಷ್ಟ ಬಾ."

೨. ಹಾಯುವುದಿಲ್ಲ

ಅವರ ಸಣ್ಣ ಮಗಳ ಮದುವೆಯ ಹಿಂದಿನ ದಿನವೇ ಆ ಫೆಬ್ರವರಿ ಎಂಟು. ನಾನು ಯಾವುದನ್ನೂ ಬೇಗ ಕೊಳ್ಳುವವನಲ್ಲ. ಕಳ್ಳಕವಟಗಿಯಿಂದ ಕಾಕಾ, ನನ್ನ ಅಪ್ಪನ ತಮ್ಮ, ಬರಲಿ ಎಂದು ಕಾದಿದ್ದೆ. ಅವರು ಆಯುಷ್ಯವೆಲ್ಲ ದನದ ಪೇಟೆಯಲ್ಲಿ ದಲ್ಲಾಳಿ. ಅವರನ್ನು ಬಿಟ್ಟು ನಮ್ಮ ಮನೆಯಲ್ಲಿ ಒಂದು ಕೊಡೆಯನ್ನೂ ಕೊಂಡಿಲ್ಲ.

ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಎರಡು ಬಾಕ್ಸುಗಳಿದ್ದವು. ಒಂದರ ತುಂಬ ಬಣ್ಣದ ದೀಪ, ಮೀಟರು. ಇನ್ನೊಂದು ಬೋಳು, ಆದರೆ ಪ್ರತಿ ಲೈನಿಗೂ ಬೇರೆ ಬೇರೆ ಸ್ವಿಚ್. ಕಾಕಾ ಎರಡರ ಸುತ್ತಲೂ ಒಂದು ಸುತ್ತು ಬಂದರು. ಬೆನ್ನು ತಟ್ಟಿದರು. ಗಾಲಿಯ ಮೇಲೆ ಬಾಗಿಲತನಕ ನಡೆಸಿ, ತಿರುಗಿಸಿ ತಂದರು.

"ಕೋಡಿಗಿ ಬಣ್ಣಾ ಬಳದಿದ್ದು ಬ್ಯಾಡ ತಮ್ಮಾ. ಈ ಬೋಳಂದರ ನಡಿಗಿ ಚಲೋ ಐತಿ" ಎಂದು ಅಂಗಡಿಯವನ ಕಡೆ ತಿರುಗಿದರು. "ಹಾಯತೈತೇನು?"

ಕೋಡಿನಿಂದ ತಿವಿಯುವುದನ್ನು ಕೇಳುತ್ತಿದ್ದಾರೆ ಎಂದು ಅಂಗಡಿಯವನಿಗೆ ತಿಳಿಯಿತು. "ಇಲ್ರಿ ಅಜ್ಜಾರ. ಕರೆಂಟ್ ಮೈಗಿ ಹರದ್ರ ಸ್ವಿಚ್ ತಾನ ಬೀಳತೈತಿ."

"ಹಾಂ. ಸಾಧು ಐತಿ."

ನಾನು ವಾರಗಟ್ಟಲೆ ಓದಿ ಆರಿಸಿಟ್ಟದ್ದೂ ಅದೇ ಬಾಕ್ಸು.

೩. ದೃಷ್ಟಿ

ಗೋಡೆಯ ಮೇಲೆ 'ಒಂದೇ ದರ' ಎಂದು ದೊಡ್ಡದಾಗಿ ಬರೆದಿತ್ತು. ಕಾಕಾ ಅದನ್ನು ಓದಿದರು, ಹೆಗಲ ಟವೆಲ್ ತೆಗೆದು ಅಂಗಡಿಯವನ ಕೈಯ ಮೇಲೆ ಹೊದಿಸಿದರು. ದನದ ಪೇಟೆಯ ಪದ್ಧತಿ ಅದು: ಟವೆಲ್ಲಿನ ಕೆಳಗೆ ಬೆರಳು ಒತ್ತಿ ಬೆಲೆ ಹೇಳುವುದು, ಮೂರನೆಯವರಿಗೆ ಕಾಣಬಾರದು. ಇಲ್ಲಿ ಮೂರನೆಯವನು ನಾನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಬಹಳ ಹೊತ್ತು ಕೂತರು. ನಾನು ಹಣದ ಕಟ್ಟನ್ನು ಕಾಕಾನ ಕೈಗೆ ಕೊಟ್ಟು ಟೆಂಪೊ ತರಲು ಹೋದೆ. ಬರುವಷ್ಟರಲ್ಲಿ ಬಾಕ್ಸು ರಟ್ಟಿನಲ್ಲಿ ಕಟ್ಟಿ ಹೊರಗೆ ನಿಂತಿತ್ತು. ಬಿಲ್ಲು ಕಾಕಾನ ಒಳಜೇಬು ಸೇರಿತ್ತು.

"ಎಷ್ಟಕ್ಕ ಆತು ಕಾಕಾ?"

"ಹಾದ್ಯಾಗ ಬೆಲಿ ಹೇಳಬಾರದು. ದೃಷ್ಟಿ ಆಗತೈತಿ."

ಮನೆಯಿಂದ ಹೆಂಡತಿ ಫೋನ್ ಮಾಡಿ ಅದನ್ನೇ ಕೇಳಿದಳು. ಟವೆಲ್ಲಿನ ಕೆಳಗಾಯಿತು, ಗೊತ್ತಿಲ್ಲ ಎಂದೆ.

"ರೊಕ್ಕಾ ನಿಮ್ಮದು, ಟವೆಲ್ ಮಾವಾರದು. ಚಲೋ ಆತು ಬಿಡ್ರಿ."

೪. ಹಗ್ಗ

ಕಾಕಾನನ್ನು ಮನೆಯಲ್ಲಿ ಇಳಿಸಿ ನೇರವಾಗಿ ತಿಕೋಟಾಕ್ಕೆ ಹೋದೆ. ಚಪ್ಪರದಲ್ಲಿ ರಟ್ಟು ಬಿಚ್ಚಿದರೆ ಬಾಕ್ಸು ಇದೆ, ಜನರೇಟರಿಗೆ ಜೋಡಿಸುವ ದಪ್ಪ ಕೇಬಲ್ ಇಲ್ಲ. ಅದಿಲ್ಲದೆ ಬಾಕ್ಸು ಬರೀ ಪೆಟ್ಟಿಗೆ. ಮದುಮಗಳ ಅಪ್ಪ ದೂರದಿಂದ ನೋಡುತ್ತಲೇ ಇದ್ದರು. ಫೋನ್ ಹಚ್ಚಿದೆ.

"ಕಾಕಾ, ಡಬ್ಬಿ ಕೇಬಲ್ ಎಲ್ಲೈತಿ?"

"ಹಗ್ಗೇನು? ಬಿಚ್ಚಿ ಅವನ ಕೈಯಾಗ ಕೊಟ್ಟು ಬಂದೇನಿ. ದನಾ ಮಾರಿದಾಂವ ಹಗ್ಗಾ ತಾನ ಇಟ್ಕೋಬೇಕಲೇ. ನಾವು ತಂದ್ರ ಅವನ ಮನಿ ಲಕ್ಷ್ಮಿ ನಮ್ಮ ಹಿಂದ ಬರ್ತಾಳ. ಪಾಪ ಹತ್ತತೈತಿ."

ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ದನಿ ಸಣ್ಣದಾಗಿತ್ತು. "ಡಬ್ಬಿ ಜೋಡಿನ ಬರತೈತ್ರಿ ಅಂತ ಹೇಳಿದ್ನಿರಿ. ನಿನ್ನ ಲಕ್ಷ್ಮಿ ನಮಗ ಬ್ಯಾಡಪಾ, ನೀ ಚಂದ ಇರು ಅಂದ್ರು. ಅಷ್ಟು ಹಿರೇ ಮನಷ್ಯಾ ಹಂಗಂದ ಮ್ಯಾಲ ಏನ್ ಮಾಡ್ಲಿರಿ?"

ಸಂಜೆಯ ಬಸ್ಸಿನಲ್ಲಿ ಕೇಬಲ್ ಬಂತು, ಕಂಡಕ್ಟರನ ಸೀಟಿನ ಕೆಳಗೆ ಸುರುಳಿ ಸುತ್ತಿಕೊಂಡು.

೫. ಬೆಲೆ

ಮರುದಿನ ಆಯೇರಿಯ ಹೊತ್ತಿಗೆ ಅದೇ ಅಡುಗೆಯವನು ಅದೇ ಯಂತ್ರ ಚುಚ್ಚಿದ. ಅಡುಗೆಯ ಲೈನು ಮಾತ್ರ ಬಿತ್ತು. ಮೈಕು ನಿಲ್ಲಲಿಲ್ಲ. ಸೋದರಮಾವ ತನ್ನ ಪೂರ್ತಿ ಹೆಸರು ಕೇಳಿಸಿಕೊಂಡು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತ. ಆ ಪಂಕ್ತಿಗೆ ಚಟ್ನಿ ಬರಲಿಲ್ಲ. ಮದುಮಗಳ ಅಪ್ಪ ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

ಮನೆಗೆ ಬಂದಾಗ ಹೆಂಡತಿ ಕಾಕಾನ ಮುಂದೆ ಚಹಾ ಇಟ್ಟು ಕಾಯುತ್ತಿದ್ದಳು.

"ಮಾವಾರ, ಈಗರ ಹೇಳ್ರಿ. ಎಷ್ಟು ಕೊಟ್ರಿ?"

ಕಾಕಾ ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಂಡರು. "ಡಬ್ಬಿಗಿ ಹಚ್ಚಿದ ಬೆಲಿ ಚೀಟಿ ಮ್ಯಾಲ ಬರದಿದ್ದಕ್ಕೂ ನಾ ಕೊಟ್ಟಿದ್ದಕ್ಕೂ ಹತ್ತು ರೂಪಾಯಿ ಫರಕ ಐತಿ."

"ಅಷ್ಟೊತ್ತು ಕೈ ಹಿಡ್ಕೊಂಡು ಕುಂತು ಹತ್ತ ಕಡಿಮಿ ಮಾಡ್ಸಿದ್ರಿ?"

"ಕಡಿಮಿ ಅಲ್ಲವಾ, ಹೆಚ್ಚ ಕೊಟ್ಟೇನಿ. ಒಂದ ದರ ಅಂದಾಂವ ಒಂದ್ ಬೆರಳೂ ಅಳ್ಳಾಡಸಲಿಲ್ಲ. ಟವೆಲ್ ಹಾಕಿದ ಮ್ಯಾಲ ಬೆಲಿ ಇದ್ದಲ್ಲೇ ಉಳದ್ರ ನನ್ನ ಮರ್ಯಾದಿ ಏನಾಗಬೇಕು?"