ಅಯಸ್ಕಾಂತಕ್ಕೆ ಅಂಟದ ಕಾರು

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟುವುದು ಬಹಳ ಕಷ್ಟವೆಂದು ಜನ ಹೇಳುತ್ತಾರೆ. ಕಷ್ಟವೇನಿಲ್ಲ. ನಾನು ಕಟ್ಟಿದ್ದೇನೆ!

ಚಿಕ್ಕಂದಿನಲ್ಲಿ ಸೇಲಂನಿಂದ ಏರ್ಕಾಡ್‌ಗೆ ಹೋಗುವಾಗ, ಘಾಟಿಯ ತಿರುವಿನಲ್ಲಿ ಮೇಲ್ಛಾವಣಿಯಿಲ್ಲದ ಕೆಂಪು ಕಾರೊಂದು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಯಿತು. ನಾನಾಗ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುತ್ತಿದ್ದೆ. ಆ ಸ್ಥಿತಿಯಲ್ಲೂ ಅದರ ಅಂದ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಂಥದೇ ಕಾರು ಅಲ್ಲಿನ ಕಾಫಿ ಎಸ್ಟೇಟೊಂದರ ಶೆಡ್ಡಿನಲ್ಲಿ ಮಾರಾಟಕ್ಕಿದೆ ಎಂದು ಹೋದ ವರ್ಷ ತಿಳಿದಾಗ, ಇದು ದೈವಸಂಕಲ್ಪವೆಂದೇ ತೀರ್ಮಾನಿಸಿದೆ. ಓಡುವುದಿಲ್ಲ, ಸ್ವಲ್ಪ ಕೆಲಸವಿದೆ ಎಂದರು. ಕೆಲಸಕ್ಕೆ ಹೆದರುವ ವಂಶವೇ ನಮ್ಮದು?

ನಾವು ಸೇಲಂನ ಕೈಮಗ್ಗದವರು. ಮನೆಯಲ್ಲಿ ಎರಡು ಮಗ್ಗ: ಒಂದು ನನ್ನ ಹೆಂಡತಿ ಸರಸುವಿನದು, ಇನ್ನೊಂದು, ಬೀದಿಗೆ ತೆರೆದ ಚಪ್ಪರದಡಿ, ಅಪ್ಪ ನನಗೆ ಬಿಟ್ಟುಹೋದದ್ದು. ನನ್ನ ಲೆಕ್ಕ ಸರಳ: ನನ್ನದನ್ನು ಪಕ್ಕದ ಬೀದಿಯವರಿಗೆ ಮಾರಿ ಕಾರು ತರುವುದು, ರಿಪೇರಿ ಮಾಡಿ ಕಾರು ಮಾರುವುದು, ಆ ಹಣದಲ್ಲಿ ಹೊಸ ಮಗ್ಗಗಳನ್ನೇ ಸಾಲಾಗಿ ನಿಲ್ಲಿಸುವುದು. ನೇಯುವಾಗ ಕಾಲು ಇಳಿಬಿಡಲು ಮಗ್ಗದಡಿ ತೋಡಿದ ಕುಣಿ ಹೇಗೂ ಇತ್ತು. ಅದರ ಮೇಲೆ ಕಾರು ನಿಲ್ಲಿಸಿದರೆ ಮೆಕಾನಿಕ್ ಶೆಡ್ ಸಿದ್ಧ!

“ಮಗ್ಗ ಹೋದ್ರೆ ನೀವೇನ್ ಮಾಡ್ತೀರಿ?” ಎಂದಳು ಸರಸು.

“ಕಾರ್ ರೆಡಿ ಮಾಡ್ತೀನಿ. ಮೊದಲ್ನೇ ರೌಂಡು ನಿಂಗೇ.”

“ನಿಮ್ಗೆ ಕಾರ್ ಪತ್ತಿ ಏನ್ ತೆರಿಯುಂ?”

ಕೋಪ ಬಂದರೆ ಅವಳ ಕನ್ನಡದಲ್ಲಿ ತಮಿಳು ಜಾಸ್ತಿಯಾಗುತ್ತದೆ. ಕಾರಿನ ಬಗ್ಗೆ ನನಗೆ ತಿಳಿಯದಿದ್ದರೇನು? ಅವಳ ತಮ್ಮ ಮುರುಗೇಶನಿಗೆ ತಿಳಿದಿತ್ತು. ಅವನು ಬೆಳ್ಳಿ ಕಾಲ್ಗೆಜ್ಜೆ ಮಾಡುವವನು. ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಗೆಜ್ಜೆ ಅದಕ್ಕೆ ಅಂಟಿದರೆ ಕಲಬೆರಕೆ, ಅಂಟದಿದ್ದರೆ ಒಳ್ಳೆಯ ಮಾಲು. ಲೋಹದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆ.

ಏರ್ಕಾಡಿನ ಶೆಡ್ಡಿನಲ್ಲಿ ಮುರುಗೇಶ ಕಾರಿನ ಮೂತಿಯಿಂದ ಬಾಲದವರೆಗೆ ಅಯಸ್ಕಾಂತ ಆಡಿಸಿದ. ನಾನು ಕೈಕಟ್ಟಿ ನಿಂತಿದ್ದೆ.

“ಬಾವ, ಮಡ್‌ಗಾರ್ಡಿಗೆ ಅಂಟ್ತಾನೇ ಇಲ್ಲ! ಸುದ್ದ ಸರಕು. ಬ್ರಿಟಿಷ್ರು ಕಲಬೆರಕೆ ಮಾಡೋರಲ್ಲ.”

ಆಮೇಲೆ ಬಾಗಿಲಿನ ಹತ್ತಿರ ಹಿಡಿದ. ಟಪ್! ಕಚ್ಚಿಕೊಂಡಿತು. ಇಬ್ಬರ ಮುಖವೂ ಇಳಿಯಿತು.

“ಬಾಗ್ಲು ಎರ್ಡೂ ಮಿಕ್ಸಿಂಗು ಬಾವ. ಬ್ಯಾಡ.”

ನಾನು ಗಂಟಲು ಸರಿಮಾಡಿಕೊಂಡು ಎಸ್ಟೇಟ್ ಮ್ಯಾನೇಜರಿಗೆ ನಮ್ಮ ತೀರ್ಪನ್ನು ತಿಳಿಸಿದೆ: ಮಡ್‌ಗಾರ್ಡು ಶುದ್ಧವಾದ್ದರಿಂದ ಹೇಳಿದ ಬೆಲೆಗೆ ಒಪ್ಪುತ್ತೇವೆ, ಕಲಬೆರಕೆ ಬಾಗಿಲುಗಳನ್ನು ತಾವೇ ಇಟ್ಟುಕೊಂಡು ಅವುಗಳ ಬೆಲೆಯಷ್ಟು ಕಡಿಮೆ ಮಾಡತಕ್ಕದ್ದು. ಅವರು ತಾವೇ ಸ್ಪ್ಯಾನರ್ ತಂದು ಬಾಗಿಲು ಬಿಚ್ಚಿಕೊಂಡರು, ಕಾಫಿಯನ್ನೂ ಕೊಡಿಸಿದರು. ಎಂಥ ಸಜ್ಜನ ಎಂದುಕೊಂಡೆ!

ಅಪ್ಪನ ಮಗ್ಗ ಪಕ್ಕದ ಬೀದಿಗೆ ಹೋಯಿತು, ಬಾಗಿಲಿಲ್ಲದ ಕಾರು ಲಾರಿಯಲ್ಲಿ ಬಂದು ಕುಣಿಯ ಮೇಲೆ ನಿಂತಿತು. ಮರುದಿನ ನಾನು ದೇವರಿಗೆ ಕೈಮುಗಿದು ಕುಣಿಗಿಳಿದೆ. ಮಡ್‌ಗಾರ್ಡಿನಲ್ಲಿ ಸಣ್ಣದೊಂದು ತಗ್ಗಿತ್ತು. ಒಳಗಿನಿಂದ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.

ಮಡ್‌ಗಾರ್ಡು ತಲೆಯ ಮೇಲೆ ಬಿತ್ತು!

ತಗಡಲ್ಲ, ಗೋಡೆಗೆ ಬಳಿಯುವಂಥ ಬಿಳಿ ಪುಟ್ಟಿ. ಅದರೊಳಗೆ ಗೋಣಿಚೀಲದ ಚೂರು, ಒಂದು ತಮಿಳು ಪೇಪರು. ಇನ್ನೊಂದು ಕಡೆ ತಟ್ಟಿದೆ, ಅಲ್ಲಿಯೂ ಉದುರಿತು. ತುಕ್ಕು ತಿಂದ ತೂತಿನಲ್ಲಿ ಸರಸುವಿನ ಮುಖ ಕಂಡಿತು. ಅವಳು ಫೋನ್ ಮಾಡಿ ತಮ್ಮನನ್ನು ಕರೆಸಿದಳು.

ಮುರುಗೇಶ ಪುಟ್ಟಿಯ ಚೂರಿಗೆ ಅಯಸ್ಕಾಂತ ಹಿಡಿದು, ತಿರುಗಿಸಿ ಮತ್ತೊಮ್ಮೆ ಹಿಡಿದ.

“ಬಾವ… ಬೆಳ್ಳಿಗೆ ಅಂಟ್ಬಾರ್ದು, ಸರಿ. ಆದ್ರೆ ಕಾರು ಬೆಳ್ಳೀದಲ್ಲ, ತಗಡು. ತಗಡಿಗೆ ಅಂಟ್ಬೇಕಿತ್ತು.”

ಅಂದರೆ ಇಡೀ ಕಾರಿನಲ್ಲಿ ನೆಟ್ಟಗಿದ್ದದ್ದು ಎರಡು ಬಾಗಿಲು ಮಾತ್ರ. ಅವನ್ನು ನಾವೇ ಚೌಕಾಶಿ ಮಾಡಿ ಬಿಟ್ಟುಬಂದಿದ್ದೆವು! ಮ್ಯಾನೇಜರಿಗೆ ಫೋನ್ ಮಾಡಿದೆ. ಬಾಗಿಲುಗಳನ್ನು ಕೋಳಿಗೂಡಿಗೆ ಹಾಕಿಸಿದ್ದಾರಂತೆ. ಬಹಳ ಗಟ್ಟಿಯಂತೆ.

ಅಷ್ಟರಲ್ಲಿ ಪಕ್ಕದ ಬೀದಿಯಿಂದ ಮಗ್ಗದ ಸದ್ದು ಕೇಳಿಸಿತು. ಅಪ್ಪನ ಮಗ್ಗದ ಸದ್ದು ನನಗೆ ಗೊತ್ತಿಲ್ಲವೇ? ಬೇರೆ ಯಾರೋ ಅದರಲ್ಲಿ ನೇಯುತ್ತಿದ್ದರು. ಕುಣಿಯಲ್ಲಿ ಕೂತಿದ್ದವನಿಗೆ ನಿಜವಾಗಿಯೂ ಅಳು ಬಂತು.

ಸರಸು ತನ್ನ ಮಗ್ಗದಿಂದೆದ್ದು ರಾಟೆ ಮತ್ತು ನೂಲನ್ನು ತಂದು ಕುಣಿಯ ಅಂಚಿಗಿಟ್ಟಳು.

“ಅಳ್ಬ್ಯಾಡಿ. ನೂಲ್ ಸುತ್ತಿಕೊಡಿ. ನಾಳೆಯಿಂದ ನನ್ ಮಗ್ಗದಾಗೆ ಅರ್ದ ದಿನ ನೀವ್ ನೇಯಿರಿ, ಅರ್ದ ದಿನ ನಾನು.”

ನಾನು ಕಣ್ಣೊರೆಸಿಕೊಂಡೆ. ಅವಳು ತಮ್ಮನ ಕೈಯಿಂದ ಅಯಸ್ಕಾಂತ ತೆಗೆದುಕೊಂಡು ಬಗ್ಗಿ, ಅದನ್ನು ನನ್ನ ಹಣೆಗೆ ಒತ್ತಿ ಹಿಡಿದು, ಕೈಬಿಟ್ಟಳು. ಅದು ಜಾರಿ ನನ್ನ ಮಡಿಲಿಗೆ ಬಿತ್ತು.

“ಅಂಟ್ಲಿಲ್ಲ ನೋಡೋ ಮುರುಗೇಶ,” ಎಂದಳು. “ಸುದ್ದ ಸರಕು!”