ಕಟ್ಟೆಗೆ ಬಂದ ನಿಷೇಧ

ಯಾರಿಗಾದರೂ ಬೇಡವೆನ್ನುವುದಕ್ಕೆ ಗಟ್ಟಿ ಗಂಟಲು ಬೇಕು. ನನಗದು ಇಲ್ಲ. ನಮ್ಮ ಮನೆಯ ಬೆಕ್ಕು ಕೂಡ ನನ್ನ ಮುಖ ನೋಡಿಕೊಂಡೇ ಹಾಲು ಕುಡಿಯುತ್ತದೆ. ಹಾಗಾಗಿ ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ, ಔರಾದದ ಕಚೇರಿಗೆ ‘ನಿಷೇಧಿಸು’ ಎಂಬ ಕ್ರಿಯಾಪದ ಬಂದಿಳಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಉರ್ದುವಿನ ‘ಮನಾ’. ಜವಾನ ಒಳಗಿನಿಂದ “ಮನಾ ಹೈ” ಎಂದು ಕೂಗಿದರೆ, ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತ ಜನ ಎದ್ದು, ಧೋತರ ಝಾಡಿಸಿಕೊಂಡು, ಗಿಡದ ಆಚೆ ಬದಿಗೆ ಹೋಗಿ ಕೂಡುತ್ತಿದ್ದರು. ಕಚೇರಿಯದೂ ಜನರದೂ ಮರ್ಯಾದೆ ಉಳಿಯುತ್ತಿತ್ತು.

ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರಿಗೆ ಇದು ಸರಿಬರಲಿಲ್ಲ. ಕಚೇರಿಯಲ್ಲಿ ಕನ್ನಡ ಬರೆಯಬಲ್ಲವನು ಹಂಗಾಮಿ ಗುಮಾಸ್ತನಾದ ನಾನೊಬ್ಬನೇ. ನನ್ನನ್ನು ಕರೆದು, “ಕಟ್ಟೆಗೊಂದು ಬೋರ್ಡು ಬರೀರಿ. ಜನ ಖಾಲಿಯಾದರೆ ನಿಮ್ಮ ಕೆಲಸ ಖಾಯಂ ಮಾಡಿಸ್ತೀನಿ” ಎಂದರು. ನಾನು ಖಾಯಂ ಆಗುವವರೆಗೆ ಭಾಲ್ಕಿಯ ತವರಿಗೆ ಕಾಲಿಡುವುದಿಲ್ಲವೆಂದು ಹೆಂಡತಿ ಹಟ ಹಿಡಿದಿದ್ದಳು. “ಇಲ್ಲಿ ಕುಳಿತುಕೊಳ್ಳುವುದನ್ನು ನಿಷೇಧಿಸಲಾಗಿದೆ” ಎಂದು ದುಂಡಗೆ ಬರೆದು ಗಿಡಕ್ಕೆ ತೂಗುಹಾಕಿದೆ.

ಮರುದಿನ ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ! ಕಚೇರಿಗೆ ಕನ್ನಡದ ಅಕ್ಷರ ಬಂತೆಂದು ಸಂತಪುರದ ಗುರುಬಸಪ್ಪನೆಂಬ ರೈತ ಬೋರ್ಡಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದ್ದ. ನೋಡಲು ಬಂದವರೆಲ್ಲ ಅಲ್ಲೇ ಕುಳಿತಿದ್ದರು. ಓದಿ ಹೇಳೆಂದರು, ಓದಿದೆ.

“ಭಾಳ ಛಂದ ಅದರಿ! ಇನ್ನೊಮ್ಮೆ ಓದ್ರಿ” ಎಂದ ಗುರುಬಸಪ್ಪ. ಅರ್ಥ ಹೇಳಲು ಬಾಯಿ ತೆರೆದರೆ, “ನಿಂತು ಯಾಕ ಹೇಳ್ತೀರಿ? ಮೊದಲ ಕುಂದರ್ರಿ” ಎಂದು ಕಂಬಳಿ ಸರಿಸಿದ.

ನಮ್ಮ ಕಡೆ ಗಂಭೀರ ಮಾತನ್ನು ನಿಂತು ಆಡಿದರೆ ಜಗಳಕ್ಕೆ ಬಂದಂತೆ. ಕುಳಿತೆ. ಕೈಗೆ ರೊಟ್ಟಿ ಬಂತು. “ಇಲ್ಲಿ ಯಾರೂ ಕೂಡಬಾರದು ಅಂತ ಸರ್ಕಾರ ಹೇಳೇದರಿ” ಎಂದೆ.

ಗುರುಬಸಪ್ಪನ ಮುಖ ಇಳಿಯಿತು. “ಇಷ್ಟ ದಿನ ಕಚೇರಿ ಮಾತು ನಮಗ ತಿಳೀತಿದ್ದಿಲ್ಲರಿ. ಈಗ ಸರ್ಕಾರನೂ ನಮ್ಮದು, ಮಾತೂ ನಮ್ಮದು. ಮೊದಲನೇ ಮಾತಿಗೇ ಎದ್ದು ಹೋಗ್ರಿ ಅಂತದೇನ್ರಿ?”

ನಾನು ಇನ್ನೊಂದು ತುತ್ತು ರೊಟ್ಟಿ ಮುರಿದೆ. ಅಷ್ಟರಲ್ಲಿ ಸಾಹೇಬರು ಹೊರಗೆ ಬಂದು ನನ್ನನ್ನು ನೋಡಿದರು. ಆ ವಾರವೇ ಕೆಲಸ ಹೋಯಿತು. ಇಡೀ ತಾಲ್ಲೂಕಿನಲ್ಲಿ ಆ ಕ್ರಿಯಾಪದಕ್ಕೆ ಮಣಿದು ಎದ್ದುಹೋದವನು ನಾನೊಬ್ಬನೇ. ಹೆಂಡತಿ ಇಂದಿಗೂ ತವರಿಗೆ ಹೋಗಿಲ್ಲ.

ನಾನೂ ಬಹಳ ದೂರವೇನೂ ಹೋಗಲಿಲ್ಲ. ಈಗ ಅದೇ ಬೋರ್ಡಿನ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಮೊನ್ನೆ ಬೀದರದಿಂದ ಇನ್ನೊಬ್ಬ ಅರ್ಜಿ ಬರೆಯುವವನು ಬಂದು ಪಕ್ಕದಲ್ಲೇ ಚಾಪೆ ಬಿಡಿಸಿದ. ನನಗೆ ಮೈಯೆಲ್ಲ ಉರಿಯಿತು. ಬೆನ್ನು ನೆಟ್ಟಗೆ ಮಾಡಿ, ಬೋರ್ಡಿನತ್ತ ಬೆರಳು ತೋರಿಸಿ, “ನಿಷೇಧಿಸಲಾಗಿದೆ!” ಎಂದು ಗುಡುಗಿದೆ. ಅಷ್ಟು ದಿನ ಎಲ್ಲಿತ್ತೋ ಆ ಗಂಟಲು.

“ಮತ್ತ ನೀವ್ಯಾಕ ಕುಂತೀರಿ?” ಎಂದ ಅವನು.

“ಅದನ್ನ ಬರದಾಂವ ನಾನರಿ!”

ಎದುರಿಗೆ ಕುಳಿತು ಅರ್ಜಿ ಬರೆಸುತ್ತಿದ್ದ ಗುರುಬಸಪ್ಪ ನನ್ನನ್ನೊಮ್ಮೆ ನೋಡಿದ. ಎದ್ದ. ಧೋತರ ಝಾಡಿಸಿಕೊಂಡು, ಗಿಡದ ಆಚೆ ಬದಿಗೆ ಹೋಗಿ ಕುಳಿತ.