ಸೊಸೆಯ ಪರದೆಯಲ್ಲಿ ಎರಡು ಕಾರು

ಸೊಸೆಯನ್ನು ನಾನು ಮೊದಲು ಕಂಡ ದಿನ ಆಕೆಯ ಮುಖ ಕಾಣಿಸಲೇ ಇಲ್ಲ. ಬಾಗಿಲಲ್ಲಿ ನಿಂತದ್ದು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ಕೆಳಗೆ ಎರಡು ಕಾಲು. ಪೆಟ್ಟಿಗೆಯನ್ನು ಎಳೆಗೂಸಿನಂತೆ ಸೋಫಾದ ಮೇಲೆ ಮಲಗಿಸಿದ ಮೇಲೆಯೇ ನಮಗೆ ಒಂದು ನಗುಮುಖದ ದರ್ಶನಭಾಗ್ಯ ಒದಗಿತು.

"ಏನು ಕೆಲಸ ಮಾಡ್ತೀಯಮ್ಮಾ?" ಎಂದೆ.

"ಆಟ ಆಡ್ತೀನಿ, ಮಾವ."

"ಅದು ಬಿಡುವಿನಲ್ಲಿ. ಕೆಲಸ?"

"ಅದೇ ಕೆಲಸ."

(ಮೂವತ್ತಾರು ವರ್ಷ "ಆಟ ಸಾಕು, ಪುಸ್ತಕ ತೆಗೀರಿ" ಎಂದು ಗದರಿದ ಮೇಷ್ಟರ ಮನೆಗೇ ಇಂಥ ಸೊಸೆ! ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹೂಡಿದ ಸಂಚೆಂದು ನನಗೆ ಇಂದಿಗೂ ಗುಮಾನಿ.)

ಪೆಟ್ಟಿಗೆಯಲ್ಲಿದ್ದುದು ಗೇಮಿಂಗ್ ಮಾನಿಟರ್, ಅಂದರೆ ಕಂಪ್ಯೂಟರ್ ಆಟದ ಪರದೆ. ವೇಗವಾಗಿ ಓಡುವ ಚಿತ್ರ ಕಲಸಿಹೋಗದಂತೆ ತಡೆಯುವ ಒಂದು ಸೌಲಭ್ಯ ಅದರಲ್ಲಿದೆ. ಅದು ಕೆಟ್ಟರೆ ಎದುರಾಳಿ ಒಬ್ಬನೋ ಇಬ್ಬರೋ ತಿಳಿಯದೆ ಹೊಡೆದ ಗುಂಡೆಲ್ಲ ಗಾಳಿಪಾಲಂತೆ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಆಕೆಗೊಂದು ದೊಡ್ಡ ತಂಡದಿಂದ ಕರೆ ಬಂತು. ಆಯ್ಕೆಯ ಪಂದ್ಯ ಸಂಜೆ ನಾಲ್ಕಕ್ಕೆ, ಮನೆಯಿಂದಲೇ. ಆ ಬೆಳಿಗ್ಗೆ ಆಕೆ ಮಾನಿಟರಿಗೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿದಳು. ಅಂದರೆ ಯಂತ್ರದ ತಲೆಯೊಳಗಿನ ಹಳೆಯ ಪಾಠ ಅಳಿಸಿ ಹೊಸ ಪಾಠ ಬರೆಯುವುದು. ಬರೆದಾದ ಮೇಲೆ ನನ್ನನ್ನು ಕೂಗಿದಳು.

"ಮಾವ, ನಾನು ನಿದ್ದೆಗೆಟ್ಟಿದ್ದೀನಿ, ನನ್ನ ಕಣ್ಣನ್ನ ನಂಬೋ ಹಾಗಿಲ್ಲ. ನೀವು ತಪ್ಪು ಹಿಡಿಯೋದ್ರಲ್ಲಿ ನಿಸ್ಸೀಮರು. ಪರದೆ ಪರೀಕ್ಷೆಗೆ ಈ ಕಾರು ಓಡುತ್ತಲ್ಲ, ಒಂದು ಕಾಣುತ್ತೋ ಎರಡೋ ನೋಡಿ."

ನೋಡಿದೆ. ಕೆಂಪು ಕಾರೊಂದು ಎಡದಿಂದ ಬಲಕ್ಕೆ ಓಡಿತು. ಅದರ ಬೆನ್ನಿಗಂಟಿಕೊಂಡು ಇನ್ನೊಂದು ಮಾಸಲು ಕಾರೂ ಓಡಿತು.

ಎರಡು ವಾರಗಳಿಂದ ಪತ್ರಿಕೆಯ ಅಕ್ಷರಗಳಿಗೆ ನೆರಳು ಮೂಡುತ್ತಿತ್ತು. ಕನ್ನಡಕವನ್ನು ಉಜ್ಜಿ ಉಜ್ಜಿ ಗಾಜು ಸವೆಯಿತೇ ಹೊರತು ನೆರಳು ಹೋಗಲಿಲ್ಲ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಆಸ್ಪತ್ರೆ, ಸೂಜಿ, ಕತ್ತರಿ! ಕಣ್ಣಿಗೆ ಕತ್ತರಿ ಬರುವುದನ್ನು ಆ ಕಣ್ಣೇ ನೋಡಬೇಕಲ್ಲ!

"ಒಂದೇ," ಎಂದೆ.

"ನಿಜವಾಗ್ಲೂ?"

"ಸ್ಫಟಿಕದಷ್ಟು ಸ್ಪಷ್ಟ."

ಆಕೆಯ ಮುಖ ಬಾಡಿತು. "ಹಾಗಾದ್ರೆ ನನ್ನ ಕಣ್ಣೇ ಕೈ ಕೊಟ್ಟಿದೆ. ಇವತ್ತೇ ಹೀಗಾಗ್ಬೇಕಾ? ಆಡೋಕಾಗಲ್ಲ ಅಂತ ಹೇಳಿಬಿಡ್ತೀನಿ, ಮಾವ." ಫೋನು ಕೈಗೆತ್ತಿಕೊಂಡಳು.

ನಿಜ ನನ್ನ ಗಂಟಲಿನವರೆಗೆ ಬಂತು. ಕತ್ತರಿ ನೆನಪಾಗಿ ಮತ್ತೆ ಕೆಳಗಿಳಿಯಿತು. ಅಷ್ಟರಲ್ಲಿ ಒಗೆದ ಬಟ್ಟೆಯ ಬುಟ್ಟಿ ಹೊತ್ತು ನನ್ನ ಧರ್ಮಪತ್ನಿಯ ಆಗಮನವಾಯಿತು.

"ಇದೇನಮ್ಮಾ, ಕಾರಿನ ಹಿಂದೆ ಇನ್ನೊಂದು ಕಾರು ಅಂಟಿಕೊಂಡಿದೆ?"

"ಅತ್ತೆ, ನಿಮಗೂ ಕಾಣುತ್ತಾ? ಮಾವ ಒಂದೇ ಅಂದ್ರು!"

"ಅವರ ಮಾತು ಕಟ್ಕೊಂಡ್ಯಾ? ಮೊನ್ನೆ ಟೀಗೆ ಎರಡು ಚಮಚ ಉಪ್ಪು ಹಾಕಿ ಕಲಕಿದ ಮಹಾನುಭಾವರು!"

ಅವಮಾನವಾಯಿತು, ಆದರೆ ಆನಂದ ಅದಕ್ಕಿಂತ ದೊಡ್ಡದು. ಮೂವರಿಗೂ ಎರಡು ಕಂಡರೆ ದೋಷ ಪರದೆಯದು, ನನ್ನ ಕಣ್ಣಿನದಲ್ಲ!

ಹಳೆಯ ಫರ್ಮ್‌ವೇರನ್ನೇ ಮತ್ತೆ ಹಾಕುವುದೆಂದು ತೀರ್ಮಾನವಾಯಿತು. "ಮಧ್ಯದಲ್ಲಿ ಕರೆಂಟ್ ಹೋದ್ರೆ ಮಾನಿಟರ್ ಕಥೆ ಮುಗೀತು," ಎಂದಳು ಸೊಸೆ, ಬೆವರೊರೆಸುತ್ತ. ಹೆಂಡತಿ ವಾಷಿಂಗ್ ಮೆಷಿನ್ ನಿಲ್ಲಿಸಿದಳು. ನಾನು ಫ್ಯಾನ್ ಆರಿಸಿದೆ. ಇಪ್ಪತ್ತು ನಿಮಿಷ ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಒಮ್ಮೆ ಬಲ್ಬು ಮಿಣುಕಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು (ಸಿಟ್ಟಿಲ್ಲದೆ ಹಿಡಿದು ಬಹಳ ವರ್ಷವಾಗಿತ್ತು). ಕರೆಂಟ್ ಹೋಗಲಿಲ್ಲ. ಕೆಲಸ ಮುಗಿಯಿತು. ಕಾರು ಮತ್ತೆ ಓಡಿತು.

"ಒಂದು!" ಎಂದಳು ಸೊಸೆ.

"ಒಂದೇ," ಎಂದಳು ಹೆಂಡತಿ.

ನಾನು ಮೇಜು ಗುದ್ದಿದೆ. "ಎರಡು! ಇನ್ನೂ ಎರಡೇ! ಇಬ್ಬರೂ ಅವಸರದಲ್ಲಿ ನೋಡ್ತಿದ್ದೀರಿ. ಮನೆಯಲ್ಲಿ ನಿಜ ಹೇಳೋನು ಒಬ್ಬನಾದ್ರೂ ಬೇಕು!"

ಸೊಸೆ ಒಂದು ಕ್ಷಣ ನನ್ನನ್ನು ನೋಡಿ, ಕಾರನ್ನು ಪರದೆಯ ನಡುವೆ ನಿಲ್ಲಿಸಿದಳು. "ಈಗ, ಮಾವ?"

"ಈಗಲೂ ಎರಡೇ."

"ನಿಂತ ಕಾರು ಯಾವ ಮಾನಿಟರಲ್ಲೂ ಎರಡಾಗಲ್ಲ, ಮಾವ." ನನ್ನ ಮುಖದ ಮುಂದೆ ಒಂದು ಬೆರಳು ಹಿಡಿದಳು. "ಇದೆಷ್ಟು?"

ಕನ್ನಡಕ ತೆಗೆದು ಉಜ್ಜಿ ಮತ್ತೆ ಹಾಕಿಕೊಂಡೆ.

"ಒಂದೂ... ವರೆ," ಎಂದೆ.

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಎಷ್ಟು ದಿನದಿಂದ?" ಮನೆಪಾಠ ಮಾಡದೆ ಬಂದವರನ್ನು ನಾನು ಕೇಳುತ್ತಿದ್ದ ಧ್ವನಿ ಅದೇ. ಕಾಲು ಜೋಡಿಸಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ, ಕತ್ತರಿಯ ಭಯವೂ ಸೇರಿದಂತೆ.

ಸಂಜೆ ಸೊಸೆ ತಂಡಕ್ಕೆ ಆಯ್ಕೆಯಾದಳು. ಮರುದಿನ ಬೆಳಿಗ್ಗೆ ನನ್ನನ್ನು ಕಣ್ಣಾಸ್ಪತ್ರೆಗೆ ಎಳೆದೊಯ್ದವಳೂ ಆಕೆಯೇ. ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಫರ್ಮ್‌ವೇರಿಗಿಂತ ಬೇಗ ಮುಗಿಯಿತು. ನಾನು ಮಾತ್ರ ಆಸ್ಪತ್ರೆಯ ಮೂರು ಮಹಡಿಗೂ ಕೇಳುವಂತೆ ಕೂಗಿಕೊಂಡೆನಂತೆ. ಕತ್ತರಿ ಇನ್ನೂ ತಟ್ಟೆಯಲ್ಲೇ ಇತ್ತಂತೆ.

ಈಗ ಸೊಸೆ ದಿನಕ್ಕೆ ಆರು ಗಂಟೆ ತಂಡದೊಡನೆ ಅಭ್ಯಾಸ ಮಾಡುತ್ತಾಳೆ. ನಡುವೆ ನಾಲ್ಕು ಸಲ ನನ್ನ ಕಣ್ಣಿಗೆ ಔಷಧಿ ಬಿಡುವ ಕೆಲಸವೂ ಆಕೆಯದೇ. ಸೀಸೆ ಕಂಡೊಡನೆ ನನ್ನ ರೆಪ್ಪೆ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಆಕೆ ಒಂದು ಕೈಯಲ್ಲಿ ನನ್ನ ಹಣೆ ಹಿಡಿದು, ಕಿವಿಯ ಮೈಕಿನಲ್ಲಿ ತಂಡದವರಿಗೆ ಹೇಳುತ್ತಾಳೆ: "ಎರಡೇ ನಿಮಿಷ ಆ ಗೋಡೆ ಹಿಂದೆ ಅಡಗಿಕೊಂಡಿರ್ರೋ, ಮಾವ ಕಣ್ಣು ಬಿಡ್ತಾ ಇಲ್ಲ!"